ನೀವು ಅನುವಾದಿಸುತ್ತಿರುವ ಹಳೆಯ ಲಂಡನ್ ಕಥೆಯಲ್ಲಿ ಚಾವಟಿ ಬೀಸುವ ‘ಜೀಹೂ’ ಯಾರು?

ಅದು ಪಾತ್ರದ ಹೆಸರಲ್ಲ, ಬಾಡಿಗೆ ಕುದುರೆಗಾಡಿ ಹೊಡೆಯುವವನಿಗೆ ತಮಾಷೆಗೆ ಇಟ್ಟ ಅಡ್ಡಹೆಸರು. ಬೇರು ಬೈಬಲ್ಲಿನಲ್ಲಿದೆ: ಎರಡನೆಯ ಅರಸುಗಳು 9:20. ಆಗಷ್ಟೇ ಇಸ್ರೇಲಿನ ಅರಸನಾಗಿ ಅಭಿಷೇಕಗೊಂಡ ಯೇಹು ರಥ ಓಡಿಸಿಕೊಂಡು ಬರುತ್ತಾನೆ. ಆ ಹುಚ್ಚು ಓಟ ನೋಡಿಯೇ ಕಾವಲುಗಾರ ದೂರದಿಂದ ಗುರುತು ಹಿಡಿಯುತ್ತಾನೆ. ಕನ್ನಡ ಬೈಬಲ್ಲಿನ ಯೇಹುವೇ ಇಂಗ್ಲಿಷರ ಬಾಯಲ್ಲಿ ಜೀಹೂ.

ಅನುವಾದಿಸುವಾಗ ಮೊದಲು ಗಾಡಿಯ ವೇಗ ನೋಡಿ. ಬಿರುಸಾಗಿ ಓಡುತ್ತಿದ್ದರೆ ಪದದ ಕುಟುಕು ಉಳಿಯಬೇಕು: ‘ನಮ್ಮ ಸಾರಥಿ ಮಹಾಶಯ’ ಎನ್ನಬಹುದು. ಗಾಡಿ ಸುಮ್ಮನೆ ನಿಂತಿದ್ದರೆ ‘ಗಾಡಿಯವನು’ ಸಾಕು. ಎಷ್ಟೋ ಲೇಖಕರು ವೇಗದ ಅರ್ಥವಿಲ್ಲದೆಯೂ ಇದನ್ನು ಬಳಸಿದ್ದಾರೆ. ‘ಟ್ಯಾಕ್ಸಿ ಡ್ರೈವರ್’ ಮಾತ್ರ ಬೇಡ. ‘ಟ್ಯಾಕ್ಸಿ’ ಪದಕ್ಕೆ ಮೂಲವಾದ, ಬಾಡಿಗೆ ಲೆಕ್ಕ ಹಾಕುವ ಟ್ಯಾಕ್ಸಿಮೀಟರ್ ಲಂಡನ್ನಿನ ಬಾಡಿಗೆ ಮೋಟಾರು ಗಾಡಿಗಳಿಗೆ ಕಡ್ಡಾಯವಾದದ್ದೇ 1907ರಲ್ಲಿ, ನಿಮ್ಮ ಕಥೆ ಅದಕ್ಕಿಂತ ಹಳೆಯದು.