ಹಲಗೆಯ ಮೇಲೆ ಎಫ್‌ಎಸ್‌ಸಿ ಮುದ್ರೆ ಇದ್ದರೆ ರೆಡ್‌ವುಡ್ ಕಾಡನ್ನು ಜವಾಬ್ದಾರಿಯಿಂದ ಕಡಿದಿದ್ದಾರೆ ಎಂದು ನಂಬಬಹುದೆ?

ಕ್ಯಾಲಿಫೋರ್ನಿಯಾದ ಮನೆಯ ಹಿತ್ತಲಿಗೆ ಡೆಕ್ (ಮರದ ಹಲಗೆಯ ಜಗಲಿ) ಹಾಕಿಸುತ್ತಿದ್ದೀರಿ, ಈ ಮುದ್ರೆ ನಂಬಬಹುದೆ ಎಂದು ಕೇಳಿದ್ದೀರಿ. ಎಫ್‌ಎಸ್‌ಸಿ ಎಂದರೆ ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್, ಕಾಡನ್ನು ಜವಾಬ್ದಾರಿಯಿಂದ ನೋಡಿಕೊಳ್ಳುವವರಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆ. ಅದರ ಮುದ್ರೆ ಸುಳ್ಳಲ್ಲ. ಆದರೆ ‘ಕಾಡನ್ನು ಬೋಳು ಮಾಡಿಲ್ಲ’ ಎಂದು ಅದಕ್ಕೆ ಅರ್ಥ ಹಚ್ಚಬೇಡಿ. ರೆಡ್‌ವುಡ್ ಎಂಬ ಈ ಎತ್ತರದ ಸೂಚಿಪರ್ಣಿ ಮರ ಬೆಳೆಯುವ ಕ್ಯಾಲಿಫೋರ್ನಿಯಾ ಕರಾವಳಿಯಲ್ಲೇ ಇಪ್ಪತ್ತು ಮೂವತ್ತು ಎಕರೆಯ ತುಂಡುಗಳನ್ನು ಪೂರ್ತಿ ಕಡಿಯುವ ಕಂಪನಿಗೂ ಎಫ್‌ಎಸ್‌ಸಿ ಸಿಕ್ಕಿದೆ.

ಹೋಲಿಸಿ ನೋಡಲು ಒಳ್ಳೆಯ ಉದಾಹರಣೆ ಮೆಂಡೊಸಿನೊ ರೆಡ್‌ವುಡ್ ಕಂಪನಿ. 1998ರಲ್ಲಿ ಲೂಯಿಸಿಯಾನಾ-ಪೆಸಿಫಿಕ್ ಎಂಬ ಮರದ ಕಂಪನಿ ಕಡಿದು ಸೊರಗಿಸಿದ್ದ ಸುಮಾರು 2,30,000 ಎಕರೆ ಕೊಂಡು ಶುರುವಾಯಿತು. ಅದರ ಸೋದರ ಕಂಪನಿ ಹಂಬೋಲ್ಟ್ ರೆಡ್‌ವುಡ್, ಪೆಸಿಫಿಕ್ ಲಂಬರ್ ಎಂಬ ಇನ್ನೊಂದು ಮರದ ಕಂಪನಿ ದಿವಾಳಿಯಾದ ಮೇಲೆ 2008ರಲ್ಲಿ ಬಂತು. ಪೆಸಿಫಿಕ್ ಲಂಬರ್ ಹಾಳಾದ ದಾರಿ ಗೊತ್ತಿರಲಿ: 1986ರಲ್ಲಿ ಮ್ಯಾಕ್ಸಮ್ ಎಂಬ ಕಂಪನಿ ಅದನ್ನು ಸಾಲ ಮಾಡಿ ಕೊಂಡಿತು, ಸಾಲ ತೀರಿಸಲು ಕಡಿತವನ್ನು ವಿಪರೀತ ಹೆಚ್ಚಿಸಿತು. ಕಂಪನಿಯ ಅರಣ್ಯ ನೀತಿ ಎಷ್ಟೇ ಚೆನ್ನಾಗಿರಲಿ, ಸಾಲದ ಕಾಗದ ಅದನ್ನು ಮೀರಿಸಬಹುದು. ಎಫ್‌ಎಸ್‌ಸಿ ಮುದ್ರೆಗಾಗಿ ಮಾಡುವ ಆಡಿಟ್ ವರದಿಯಲ್ಲಿ ಇದು ಎದ್ದು ಕಾಣುವುದಿಲ್ಲ.

ಮೆಂಡೊಸಿನೊ, ಹಂಬೋಲ್ಟ್ ಎರಡೂ ಕಂಪನಿಗಳು ಸಾಂಪ್ರದಾಯಿಕ ಕ್ಲಿಯರ್‌ಕಟ್ (ಒಂದು ತುಂಡು ಕಾಡನ್ನು ಪೂರ್ತಿ ಕಡಿಯುವುದು) ಬಿಟ್ಟು, ಮರ ಆರಿಸಿ ಕಡಿಯುವ ಪದ್ಧತಿಗೆ ಹೋದವು. 1800ಕ್ಕಿಂತ ಮೊದಲು ಹುಟ್ಟಿದ, ಎದೆಯೆತ್ತರದಲ್ಲಿ 48 ಇಂಚು ವ್ಯಾಸ ಮೀರಿದ ರೆಡ್‌ವುಡ್ಡನ್ನು ಮುಟ್ಟುವುದಿಲ್ಲ ಎಂಬ ನಿಯಮ ಇಟ್ಟುಕೊಂಡವು. ಆರಿಸಿ ಕಡಿಯುವುದು ಈ ಮರಕ್ಕೆ ಹೊಂದುತ್ತದೆ. ನಮ್ಮ ನೀಲಗಿರಿಯಂತೆ ಕಡಿದ ಬುಡದಿಂದ ಸುತ್ತಲೂ ಹತ್ತಾರು ಚಿಗುರು ಹೊಡೆಯುತ್ತದೆ, ನೆರಳನ್ನೂ ತಾಳುತ್ತದೆ. ಆದರೆ ಮೇಲಿನ ಹೊದಿಕೆ ತೀರಾ ದಟ್ಟವಾಗಿ ಉಳಿದರೆ ಚಿಗುರು ಬಡಕಲಾಗಿ ಸಾಯುತ್ತದೆ. ಬದುಕಿದ್ದನ್ನು ಜಿಂಕೆ ಮೇಯುತ್ತದೆ, ಹಂಬೋಲ್ಟ್ ಕಡೆ ಎಳೆಮರದ ತೊಗಟೆಯನ್ನು ಕರಡಿ ಸುಲಿಯುತ್ತದೆ. ಜೊತೆಗೆ ಬೆಳೆಯುವ ಡಗ್ಲಸ್ ಫರ್‌ಗೆ ಬೆಳಕು ಹೆಚ್ಚು ಬೇಕು, ಅದಕ್ಕೇ ಅಲ್ಲಲ್ಲಿ ಎರಡೂವರೆ ಎಕರೆಯೊಳಗೆ ಬಯಲು ಬಿಡುವುದೂ ಉಂಟು. ಒಳ್ಳೆಯ ಮರಗಳನ್ನೇ ಆರಿಸಿ ಒಯ್ದು ಡೊಂಕು, ಕುಬ್ಜ ಮರಗಳನ್ನು ಬಿಟ್ಟು ಬಂದರೂ ಹೆಸರು ‘ಆರಿಸಿ ಕಡಿತ’ವೇ. ಹಾಗಾಗಿ ಬಿಟ್ಟು ಬಂದದ್ದೇನು ಎಂದು ನೋಡಬೇಕು.

ಕಂಪನಿಯ ಕಾಡಿನಲ್ಲಿ ನಾನು ಮೊದಲು ನೋಡುವುದು ರಸ್ತೆ. ಇಲ್ಲಿನ ಬೆಟ್ಟ ಸಡಿಲ ಮಣ್ಣಿನದು, ಮಳೆ ಜೋರು. ಕೋಹೊ ಸಾಲ್ಮನ್ ಮೀನು ಮೊಟ್ಟೆಯಿಡುವ ಜಲ್ಲಿಯ ಮೇಲೆ ಹೂಳು ಕೂತರೆ ಮೊಟ್ಟೆಗೆ ಗಾಳಿಯಾಡದು. ಆ ಹೂಳಿನ ದೊಡ್ಡ ಪಾಲು ಬರುವುದು ಹಳೆಯ ಲಾರಿ ರಸ್ತೆಗಳಿಂದ. ಮೋರಿ ಪೈಪಿಗೆ ಕಟ್ಟಿಗೆ ಸಿಕ್ಕಿಕೊಂಡರೆ ಹಳ್ಳದ ನೀರು ರಸ್ತೆಯಲ್ಲೇ ಹರಿದು, ಎಲ್ಲೋ ಮುಂದೆ ಇಳಿಜಾರನ್ನೇ ಕೊಚ್ಚಿಕೊಂಡು ಹೋಗುತ್ತದೆ. ಸರಿ ಮಾಡುವ ರೀತಿ ಹೀಗೆ: ಮೋರಿಯನ್ನು ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹದ ಅಳತೆಗೆ ಹಾಕುವುದು, ಕಟ್ಟಿಕೊಂಡರೂ ನೀರು ಅಲ್ಲೇ ದಾಟಿ ಹಳ್ಳಕ್ಕೆ ಬೀಳುವಂತೆ ಪಕ್ಕದಲ್ಲಿ ರಸ್ತೆಯನ್ನು ತಗ್ಗಿಸುವುದು, ರಸ್ತೆಯ ಮೇಲ್ಮೈಯನ್ನು ಇಳಿಜಾರಿನ ಕಡೆಯ ಅಂಚಿಗೆ ವಾಲಿಸುವುದು, ಬೇಡದ ರಸ್ತೆಯ ಮಣ್ಣನ್ನು ಅಗೆದು ಮೊದಲಿನ ಇಳಿಜಾರಿಗೆ ಹಿಂದಿರುಗಿಸುವುದು. ಇಳಿಜಾರು ಶೇ. 50 ದಾಟಿದ ಕಡೆ ಟ್ರ್ಯಾಕ್ಟರ್ ಬಿಟ್ಟು ಕೇಬಲ್‌ನಿಂದ ದಿಮ್ಮಿ ಎಳೆಯುವುದು ಲೇಸು. ಮೀನಿರುವ ತೊರೆಯ ದಡಕ್ಕೆ ತಾಗಿದ 30 ಅಡಿಯಲ್ಲಿ ಕಡಿತವೇ ಇಲ್ಲ ಎಂಬುದು ಸಾಲ್ಮನ್ ಕಣಿವೆಗಳ ಸಾಮಾನ್ಯ ನಿಯಮ. ಹೀಗೆ ರಸ್ತೆ ಸರಿಪಡಿಸಲು ಖರ್ಚು ವಿಪರೀತ, ಮಾರಲು ಹಲಗೆ ಒಂದೂ ಸಿಗದು. ಕಂಪನಿಯ ಮನಸ್ಸು ಇಲ್ಲೇ ತಿಳಿಯುತ್ತದೆ.

ವಿವಾದದ ಜಾಗ ಟ್ಯಾನೋಕ್. ಹಳೆಯ ಕಡಿತದಿಂದ ಬಯಲಾದಲ್ಲಿ ಈ ಅಗಲ ಎಲೆಯ ಮರ ನುಗ್ಗಿ ರೆಡ್‌ವುಡ್ಡನ್ನು ಅದುಮಿತು. ಮೆಂಡೊಸಿನೊ ಕಂಪನಿ ಅದರ ಕಾಂಡಕ್ಕೆ ಕಚ್ಚು ಹಾಕಿ ಕಳೆನಾಶಕ ಇಮಾಜಪೈರ್ ಹನಿಸಿ ನಿಂತಲ್ಲೇ ಸಾಯಿಸಿತು. ರೆಡ್‌ವುಡ್‌ಗೆ ಬೆಳಕೇನೋ ಸಿಕ್ಕಿತು. ಆದರೆ ಸಾವಿರಾರು ಎಕರೆಯಲ್ಲಿ ಒಣಮರ ನಿಂತರೆ ಬೆಂಕಿಯ ಭಯ. ಬೆಂಕಿ ಆರಿಸಲು ಬಂದವರ ತಲೆ ಮೇಲೂ ಕೊಂಬೆ ಬೀಳಬಹುದು. 2016ರಲ್ಲಿ ಮೆಂಡೊಸಿನೊ ಕೌಂಟಿಯ ಮತದಾರರು ಮತಕ್ಕೆ ಹಾಕಿದ ‘ಮೆಷರ್ ವಿ’ ಎಂಬ ಪ್ರಸ್ತಾವವನ್ನು ಗೆಲ್ಲಿಸಿ, ಬೇಕೆಂದೇ ಕೊಂದು ನಿಲ್ಲಿಸಿದ ಮರ ಸಾರ್ವಜನಿಕ ಉಪದ್ರವ ಎಂದು ಸಾರಿದರು. ನನ್ನ ಮಟ್ಟಿಗೆ ಮತದಾರರ ಆತಂಕ ನ್ಯಾಯವಾದದ್ದೇ. ಟ್ಯಾನೋಕ್ ತಗ್ಗಿಸುವುದು ಬೇಕು. ಕಡಿದು ನೆಲಕ್ಕೆ ಬೀಳಿಸುವ ಖರ್ಚು ಉಳಿಸುವುದಕ್ಕೆ ಊರಿನವರು ಅಪಾಯ ಹೊರಬೇಕಿಲ್ಲ.

ನೀವು ಮಾಡಬಹುದಾದ್ದು: ಕಂಟ್ರಾಕ್ಟರ್ ಬಿಲ್ಲಿನಲ್ಲಿ ಎಫ್‌ಎಸ್‌ಸಿ ಸಂಕೇತ ಸಂಖ್ಯೆಯ ಜೊತೆಗೆ ‘100%’ (ಪೂರ್ತಿ ಎಫ್‌ಎಸ್‌ಸಿ ಕಾಡಿನ ಮರ) ಎಂದಿದೆಯೋ ‘ಮಿಕ್ಸ್’ (ಬೇರೆ ಮೂಲದ್ದೂ ಬೆರೆತಿರಬಹುದು) ಎಂದಿದೆಯೋ ನೋಡಿ. ಯಾವ ಕಂಪನಿಯ ಕಾಡಿನದು ಎಂದು ಕೇಳಿ, ತಿಳಿದರೆ ಅದರ ಟಿಂಬರ್ ಹಾರ್ವೆಸ್ಟ್ ಪ್ಲಾನ್ ಹುಡುಕಿ. ನೋಂದಾಯಿತ ಫಾರೆಸ್ಟರ್ ಬರೆದು ಕ್ಯಾಲ್ ಫೈರ್ (ರಾಜ್ಯದ ಅರಣ್ಯ ಮತ್ತು ಅಗ್ನಿಶಾಮಕ ಇಲಾಖೆ) ಒಪ್ಪಿಗೆ ಕೊಡುವ ಈ ದಾಖಲೆಯನ್ನು ಯಾರು ಬೇಕಾದರೂ ಓದಬಹುದು. ಎಳೆ ಕಾಡಿನ ಮರದಲ್ಲಿ ಬಿಳಿ ಭಾಗ ಹೆಚ್ಚು, ಅದು ಬೇಗ ಕೊಳೆಯುತ್ತದೆ. ನೆಲಕ್ಕೆ ತಾಗುವ ಕಂಬ ತೊಲೆಗಳಿಗೆ ಮಾತ್ರ ಚೇಗು (ಕಾಂಡದ ಒಳಗಿನ ಕೆಂಪು ಭಾಗ) ಕೊಳ್ಳಿ. ಮೇಲಿನ ಹಲಗೆಗೆ ಗಂಟು, ಬಿಳಿ ಇರುವ ಅಗ್ಗದ ಗ್ರೇಡ್ ಸಾಕು. ಹಲಗೆಗಳ ನಡುವೆ ಸಂದು ಬಿಟ್ಟು ನೀರು ನಿಲ್ಲದಂತೆ ಹಾಕಿಸಿ.