ಮುಳ್ಳು ನಡುವೆಯೇ ನಿಂತಿದ್ದರೂ ಘಾಟಿಯಲ್ಲಿ ಎಂಜಿನ್ ಬಡಿದುಕೊಳ್ಳುವುದೇಕೆ?

ಪ್ರಶ್ನೆ: ನನ್ನದು ಒಂದು ಲೀಟರಿನ ಟರ್ಬೊ ಪೆಟ್ರೋಲ್ ಕಾರು. ಕಳೆದ ವರ್ಷ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್ ಮಾಡಿಸಿದ್ದೇನೆ, ಅಂದರೆ ಹೆಚ್ಚು ಶಕ್ತಿಗಾಗಿ ಅದರ ಸೂಚನೆಗಳನ್ನು (ಮ್ಯಾಪ್) ಬದಲಿಸಿ ಬರೆಸಿದ್ದೇನೆ. ಊರೊಳಗೆ ಯಾವ ತೊಂದರೆಯೂ ಇಲ್ಲ. ಆದರೆ ಏಪ್ರಿಲ್ ತಿಂಗಳಲ್ಲಿ ಎಸಿ ಹಾಕಿಕೊಂಡು, ನಾಲ್ವರು ಕುಳಿತು ಶಿರಾಡಿ ಘಾಟಿ ಹತ್ತುವಾಗ ಡಬ್ಬಿಯಲ್ಲಿ ಕಡಲೆ ಅಲುಗಿಸಿದಂಥ ಸದ್ದು ಬರುತ್ತದೆ, ಎಳೆತವೂ ಕಡಿಮೆಯಾಗುತ್ತದೆ. ಟೆಂಪರೇಚರ್ ಮುಳ್ಳು ಮಾತ್ರ ನಡುವೆಯೇ ಇರುತ್ತದೆ. ಥರ್ಮೋಸ್ಟಾಟ್ (ಎಂಜಿನ್ ತಣಿಸುವ ದ್ರವದ ಹರಿವನ್ನು ಬಿಸಿಗೆ ತಕ್ಕಂತೆ ತೆರೆದು ಮುಚ್ಚುವ ಕವಾಟ) ತೆಗೆಸಿ ಎಂದು ಮೆಕ್ಯಾನಿಕ್ ಹೇಳುತ್ತಾರೆ, ದೊಡ್ಡ ರೇಡಿಯೇಟರ್ ಹಾಕಿಸು ಎಂದು ಗೆಳೆಯರು ಹೇಳುತ್ತಾರೆ. ಯಾವುದು ಸರಿ?
(ಪುತ್ತೂರಿನ ಓದುಗರು)

ಉತ್ತರ: ಎರಡನ್ನೂ ಸದ್ಯಕ್ಕೆ ಮಾಡಿಸಬೇಡಿ. ನೀವು ವರ್ಣಿಸಿರುವುದು ಬಹುಮಟ್ಟಿಗೆ ನಾಕಿಂಗ್‌ನ ಸದ್ದು. ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಜ್ವಾಲೆ ಸಿಲಿಂಡರಿನ ಅಂಚನ್ನು ಮುಟ್ಟುವ ಮೊದಲೇ ಅಲ್ಲಿ ಉಳಿದಿರುವ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಒತ್ತಡ ಹಾಗೂ ಬಿಸಿ ತಾಳಲಾರದೆ ತಾನಾಗಿಯೇ ಸಿಡಿದಾಗ, ಅದರಿಂದೇಳುವ ಒತ್ತಡದ ಅಲೆಗಳು ಲೋಹಕ್ಕೆ ಬಡಿದು ಈ ಸದ್ದು ಹುಟ್ಟುತ್ತದೆ. ಅದನ್ನು ಸಹಿಸಿಕೊಂಡು ಓಡಿಸುತ್ತ ಹೋದರೆ ಪಿಸ್ಟನ್ ರಿಂಗುಗಳ ನಡುವಿನ ಭಾಗ ಮುರಿಯಬಹುದು, ಹೆಡ್ ಗ್ಯಾಸ್ಕೆಟ್ ಹೋಗಬಹುದು. ಆದ್ದರಿಂದ ಕಾರಣ ಗೊತ್ತಾಗುವವರೆಗೆ ಘಾಟಿಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಬೇಡಿ.

ಮುಳ್ಳನ್ನು ನಂಬಿ ನಿಶ್ಚಿಂತೆಯಿಂದ ಇರುವುದು ಸರಿಯಲ್ಲ. ಅನೇಕ ಹೊಸ ಕಾರುಗಳಲ್ಲಿ ಎಂಜಿನ್ ತಣಿಸುವ ದ್ರವವಾದ ಕೂಲಂಟಿನ ಬಿಸಿ ಇಪ್ಪತ್ತು ಡಿಗ್ರಿಯಷ್ಟು ಏರಿಳಿದರೂ ಮುಳ್ಳು ಕದಲದಂತೆ ತಯಾರಕರೇ ಹೊಂದಿಸಿರುತ್ತಾರೆ. ಅದಕ್ಕಿಂತ ಮುಖ್ಯವಾದ ವಿಷಯವೆಂದರೆ, ನಾಕಿಂಗನ್ನು ನಿರ್ಧರಿಸುವುದರಲ್ಲಿ ಒಳಗೆ ಹೋಗುವ ಗಾಳಿಯ ಬಿಸಿಯ ಪಾತ್ರ ಬಹಳ ದೊಡ್ಡದು, ಆ ಮುಳ್ಳು ಅದನ್ನು ತೋರಿಸುವುದೇ ಇಲ್ಲ. 35 ಡಿಗ್ರಿಯ ಗಾಳಿಯನ್ನು ಟರ್ಬೊ ಎರಡು ಪಟ್ಟು ಒತ್ತಡಕ್ಕೆ ಒತ್ತಿದರೆ, ಟರ್ಬೊವಿನ ದಕ್ಷತೆ ಶೇ 70 ಎಂದು ಹಿಡಿದರೂ ಅದು ಸುಮಾರು 130 ಡಿಗ್ರಿಗೆ ಏರುತ್ತದೆ. ಅದನ್ನು ತಣಿಸುವ ಕೆಲಸ ಇಂಟರ್‌ಕೂಲರಿನದು. ರೀಮ್ಯಾಪ್‌ನಿಂದ ಬೂಸ್ಟ್ (ಟರ್ಬೊ ಗಾಳಿಗೆ ಕೊಡುವ ಒತ್ತಡ) ಹೆಚ್ಚಾಗಿದೆ, ಇಂಟರ್‌ಕೂಲರ್ ಮಾತ್ರ ಹಳೆಯದೇ. ಘಾಟಿಯಲ್ಲಿ ಲಾರಿಗಳ ಹಿಂದೆ ಇಪ್ಪತ್ತು ಮೂವತ್ತರ ವೇಗದಲ್ಲಿ ಹೋಗುವಾಗ ಎದುರಿನಿಂದ ಗಾಳಿ ಹೆಚ್ಚು ಬೀಸುವುದಿಲ್ಲ, ಎಂಜಿನ್ ಮೇಲಿನ ಹೊರೆ ಮಾತ್ರ ಇಳಿಯುವುದಿಲ್ಲ, ಎಸಿಯ ಕಂಡೆನ್ಸರ್ ಕೂಡ ರೇಡಿಯೇಟರಿನ ಮುಂದೆಯೇ ಕುಳಿತು ತನ್ನ ಬಿಸಿಯನ್ನು ಸೇರಿಸುತ್ತಿರುತ್ತದೆ.

ಹಾಗಾಗಿ ಮೊದಲು ಅಳೆಯಿರಿ. ಓಬಿಡಿ ಸ್ಕ್ಯಾನರ್ (ಇಸಿಯುವಿನ ಅಂಕಿಗಳನ್ನು ಓದುವ ಉಪಕರಣ) ಜೋಡಿಸಿ, ಪಕ್ಕದಲ್ಲಿ ಕುಳಿತವರಿಗೆ ನೋಡಲು ಹೇಳಿ, ಅದೇ ಏರಿನಲ್ಲಿ ಒಳಗಾಳಿಯ ಬಿಸಿ, ಬೂಸ್ಟ್, ಕೂಲಂಟಿನ ಬಿಸಿ, ಪ್ರತಿ ಸಿಲಿಂಡರಿನಲ್ಲಿ ಇಸಿಯು ಇಗ್ನಿಶನ್ ಟೈಮಿಂಗನ್ನು (ಸ್ಪಾರ್ಕ್ ಹೊತ್ತಿಸುವ ಸಮಯವನ್ನು) ಎಷ್ಟು ಡಿಗ್ರಿ ಹಿಂದೆಳೆಯುತ್ತಿದೆ, ಅಂದರೆ ತಡಮಾಡುತ್ತಿದೆ ಎಂಬುದು, ಇಷ್ಟನ್ನು ದಾಖಲಿಸಿಕೊಳ್ಳಿ. ಗಾಳಿಯ ಬಿಸಿ ಏರಿದಂತೆ ಎಲ್ಲ ಸಿಲಿಂಡರುಗಳಲ್ಲೂ ಟೈಮಿಂಗ್ ಹಿಂದೆ ಸರಿಯುತ್ತಿದ್ದರೆ ಇಂಟರ್‌ಕೂಲರಿಗೆ ಹೊರೆ ತಡೆಯಲಾಗುತ್ತಿಲ್ಲ ಎಂದರ್ಥ. ಒಂದೇ ಸಿಲಿಂಡರಿನಲ್ಲಿ ಹಾಗಾದರೆ ಅದರ ಇಂಜೆಕ್ಟರ್, ಪ್ಲಗ್, ಒಳಗೆ ಕಟ್ಟಿದ ಕಾರ್ಬನ್ ನೋಡಬೇಕು. ಬೆಳಗಿನ ತಂಪಿನಲ್ಲೂ ಮೊದಲ ಏರಿನಿಂದಲೇ ಹಿಂದೆಳೆತ ಕಂಡರೆ ಪೆಟ್ರೋಲ್ ಅಥವಾ ಮ್ಯಾಪ್ ಅನ್ನು ಅನುಮಾನಿಸಿ. ಟೈಮಿಂಗ್ ಹಿಂದೆ ಸರಿದಷ್ಟೂ ನಾಕಿಂಗ್ ತಗ್ಗುತ್ತದೆ, ಆದರೆ ಸುಡುವ ಅನಿಲ ಹೆಚ್ಚು ಬಿಸಿಯಾಗಿ ಹೊರಬಂದು ಟರ್ಬೊವನ್ನು ಕಾಯಿಸುತ್ತದೆ. ನಿಮಗೆ ಎಳೆತ ಕಡಿಮೆಯಾಗಿದ್ದೂ ಇದರಿಂದಲೇ ಇರಬಹುದು.

ಯಾವ ಪೆಟ್ರೋಲಿಗೆಂದು ನಿಮ್ಮ ಮ್ಯಾಪ್ ಬರೆದಿದ್ದಾರೆ ಎಂದು ರೀಮ್ಯಾಪ್ ಮಾಡಿದ ಟ್ಯೂನರನ್ನು ಕೇಳಿದ್ದೀರಾ? 2020ರಲ್ಲಿ ಬಿಎಸ್ 6 ಹೊಗೆ ಮಾನದಂಡ ಜಾರಿಯಾದಾಗ ಸಾಮಾನ್ಯ ಪೆಟ್ರೋಲಿನ ಕನಿಷ್ಠ ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಳತೆ) 91, ಪ್ರೀಮಿಯಂನದು 95 ಇತ್ತು. ಹೆಚ್ಚಿನ ಆಕ್ಟೇನಿಗೆ ಬರೆದ ಮ್ಯಾಪ್ ಇರುವ ಕಾರಿಗೆ ಯಾವ ಬಂಕ್ ಸಿಕ್ಕಿತೋ ಅಲ್ಲಿಯ ಸಾಮಾನ್ಯ ಪೆಟ್ರೋಲ್ ತುಂಬಿಸಿದರೆ ಬೇಸಿಗೆಯ ಘಾಟಿಯಲ್ಲಿ ಅದು ಬಡಿದುಕೊಳ್ಳುವುದು ಸಹಜ. ಟ್ಯಾಂಕ್ ಬಹುಪಾಲು ಖಾಲಿಯಾದ ಮೇಲೆ ಎರಡು ಸಲ ಪ್ರೀಮಿಯಂ ತುಂಬಿಸಿ ಮತ್ತೆ ಅಳೆಯಿರಿ. ಆಗಲೂ ಸರಿಯಾಗದಿದ್ದರೆ ಬೂಸ್ಟ್ ಇಳಿಸಿ, ಗಾಳಿ ಬಿಸಿಯಾದಾಗ ಟೈಮಿಂಗ್ ತಾನಾಗಿ ಮೊದಲೇ ಹಿಂದೆ ಸರಿಯುವಂತೆ ಬರೆದುಕೊಡಲು ಟ್ಯೂನರಿಗೆ ಹೇಳಿ. ಬಡಿತವನ್ನು ಗ್ರಹಿಸಿ ಇಸಿಯುವಿಗೆ ತಿಳಿಸುವ ನಾಕ್ ಸೆನ್ಸರ್ ಕೊನೆಯ ಕಾವಲುಗಾರ, ಪ್ರತಿ ತಿರುವಿನಲ್ಲೂ ಅದೇ ಕಾಪಾಡಲಿ ಎಂದು ಬಯಸುವುದು ಅಪಾಯ.

ಥರ್ಮೋಸ್ಟಾಟ್ ತೆಗೆಯುವ ಸಲಹೆ ನಮ್ಮ ಗ್ಯಾರೇಜುಗಳಲ್ಲಿ ಬಹಳ ಹಳೆಯದು, ಅದರಿಂದ ಹಾಳಾದ ಎಂಜಿನ್‌ಗಳನ್ನು ನೋಡಿ ನನಗೆ ನಿಜವಾಗಿ ಬೇಸರವಾಗಿದೆ. ಅದು ಇಲ್ಲದೆ ಎಂಜಿನ್ ಸರಿಯಾದ ಬಿಸಿಗೆ ಬರಲು ತಡವಾಗುತ್ತದೆ, ಆಯಿಲ್ ತೆಳುವಾಗದೆ ಸವೆತ ಹೆಚ್ಚುತ್ತದೆ, ಘಾಟಿಯ ಹೊರೆಗೆ ಅದರಿಂದ ಲಾಭವೂ ಇಲ್ಲ. ಬೋರ್‌ವೆಲ್ ನೀರು ತುಂಬಿಸಿದ್ದರೆ ಒಳಗೆ ಸುಣ್ಣ ಕಟ್ಟಿರುತ್ತದೆ. ತೊಳೆಸಿ, ತಯಾರಕರು ಹೇಳಿದ ಕೂಲಂಟನ್ನು ಹೇಳಿದ ಪ್ರಮಾಣದಲ್ಲೇ ಹಾಕಿಸಿ. ರೇಡಿಯೇಟರಿನ ಮುಚ್ಚಳದ ರಬ್ಬರ್ ಸವೆದಿದ್ದರೆ ಒತ್ತಡ ನಿಲ್ಲದೆ ಕೂಲಂಟ್ ಬೇಗ ಕುದಿಯುತ್ತದೆ. ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವೆ ಸೇರಿಕೊಂಡ ಧೂಳು, ಹುಳುಗಳನ್ನು ಬಿಡಿಸಿ, ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವಚ ಮುರಿದಿಲ್ಲವೆಂದು ನೋಡಿಕೊಳ್ಳಿ. ಇಷ್ಟಾದ ಮೇಲೂ ಕೂಲಂಟಿನ ಬಿಸಿ ಏರುತ್ತಲೇ ಹೋದರೆ ಮಾತ್ರ ದೊಡ್ಡ ರೇಡಿಯೇಟರಿನ ಯೋಚನೆ. ಇಂಟರ್‌ಕೂಲರನ್ನು ನೀರಿನಿಂದ ತಣಿಸುವ ವ್ಯವಸ್ಥೆ ನಿಮ್ಮ ಕಾರಿನಲ್ಲಿದ್ದರೆ ಅದರ ಪ್ರತ್ಯೇಕ ವಿದ್ಯುತ್ ಪಂಪ್ ತಿರುಗುತ್ತಿದೆಯೇ ಎಂಬುದನ್ನು ಪರೀಕ್ಷಿಸಲು ಮರೆಯಬೇಡಿ.

ಗಾಳಿಯೊಳಗೆ ನೀರು ಮತ್ತು ಮೆಥನಾಲ್ ಸಿಂಪಡಿಸುವ ಕಿಟ್‌ಗಳ ಬಗ್ಗೆಯೂ ಯಾರಾದರೂ ಹೇಳಬಹುದು. ಉಪಾಯ ಒಳ್ಳೆಯದೇ, 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನಲ್ಲೇ ಅದಿತ್ತು. ಆದರೆ ದ್ರವ ಮುಗಿದಾಗ ಬೂಸ್ಟ್ ತಾನಾಗಿ ಇಳಿಯುವ ವ್ಯವಸ್ಥೆ ಇಲ್ಲದ ಕಿಟ್ಟನ್ನು ಹಾಕಿಸಬೇಡಿ.

ಪ್ಲಗ್ ಬದಲಿಸುವಾಗ ಒಂದು ಹೆಜ್ಜೆ ತಣ್ಣನೆಯದನ್ನು, ಅಂದರೆ ತನ್ನ ಬಿಸಿಯನ್ನು ಬೇಗ ಬಿಟ್ಟುಕೊಡುವ ಪ್ಲಗ್ಗನ್ನು ಕೇಳಬಹುದು, ಎನ್‌ಜಿಕೆಯಲ್ಲಿ ಸಂಖ್ಯೆ ಹೆಚ್ಚಾದಷ್ಟು ತಣ್ಣಗೆ, ಬಾಷ್‌ನಲ್ಲಿ ಸಂಖ್ಯೆ ಕಡಿಮೆಯಾದಷ್ಟು ತಣ್ಣಗೆ. ನೇರ ಇಂಜೆಕ್ಷನ್ (ಪೆಟ್ರೋಲನ್ನು ಸಿಲಿಂಡರಿನೊಳಕ್ಕೇ ಚಿಮ್ಮಿಸುವ ವ್ಯವಸ್ಥೆ) ಇರುವ ಚಿಕ್ಕ ಟರ್ಬೊ ಎಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲಿ ಹೆಚ್ಚು ಹೊರೆ ಬಿದ್ದಾಗ, ಸ್ಪಾರ್ಕಿಗೂ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಇನ್ನೊಂದು ತೊಂದರೆಯಿದೆ. ಇದು ಮಾಮೂಲಿ ನಾಕಿಂಗಿಗಿಂತ ಕ್ರೂರ, ಒಮ್ಮೆ ನಡೆದರೂ ಪಿಸ್ಟನ್ ಒಡೆಯಬಹುದು. ಕಾರಿನ ಕೈಪಿಡಿ ಒಪ್ಪುವ ದಪ್ಪದಲ್ಲೇ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಎಸ್‌ಪಿ ದರ್ಜೆಯ ಆಯಿಲ್ ಬಳಸಿ, ಆ ದರ್ಜೆಯ ಪರೀಕ್ಷೆಗಳಲ್ಲಿ ಈ ತೊಂದರೆಯೂ ಸೇರಿದೆ. ಘಾಟಿಯಲ್ಲಿ 1500 ಆರ್‌ಪಿಎಂನಲ್ಲಿ ಮೇಲಿನ ಗೇರಿನಲ್ಲೇ ಪೆಡಲ್ ಒತ್ತಿ ಹಿಡಿಯುವ ಅಭ್ಯಾಸವಿದ್ದರೆ ಬಿಡಿ. ಒಂದು ಗೇರ್ ಇಳಿಸಿ 2500ರ ಆಸುಪಾಸಿನಲ್ಲಿ ಹತ್ತಿಸಿ, ಸದ್ದು ಕೇಳಿದ ಕ್ಷಣವೇ ಕಾಲು ಸಡಿಲಿಸಿ ಎಸಿ ಆರಿಸಿ.