ಕನ್ನಡಕದಿಂದ ಆಗದ ಕೆಲಸ

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ. ಊಟಕ್ಕೂ ಮೊಬೈಲ್ ಬೇಕು, ಮಲಗುವಾಗಲೂ ಬೇಕು. ಈಚೆಗೆ ಕಣ್ಣು ಉಜ್ಜಿಕೊಳ್ಳುವುದು ಜಾಸ್ತಿಯಾಗಿದೆ. ನೀಲಿ ಬೆಳಕು ತಡೆಯುವ ಕನ್ನಡಕ ಕೊಡಿಸಿದರೆ ಸಾಕಾ?
– ಒಬ್ಬ ತಾಯಿ

ಉತ್ತರ: ಸಾಲದು, ಅಮ್ಮ. ಆ ದುಡ್ಡು ಉಳಿಸಿ. ದೊಡ್ಡವರ ಮೇಲೆ ನಡೆದ ಇಂಥ ಕನ್ನಡಕಗಳ ಪ್ರಯೋಗಗಳನ್ನು, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2023ರಲ್ಲಿ ಒಟ್ಟಿಗೆ ಪರಿಶೀಲಿಸಿತು. ಈ ಕನ್ನಡಕದಿಂದ ಕಣ್ಣಿನ ಆಯಾಸ ಕಡಿಮೆಯಾಗುತ್ತದೆ ಎನ್ನಲು ಆಧಾರ ಸಿಗಲಿಲ್ಲ.

ಒಂದು ಕೆಲಸ ಮಾಡಿ. ಮಗಳು ಮೊಬೈಲ್ ನೋಡುವಾಗ ಪಕ್ಕದಲ್ಲಿ ಕೂತು, ಒಂದು ನಿಮಿಷ ಅವಳ ರೆಪ್ಪೆಯನ್ನೇ ಗಮನಿಸಿ. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಸುಮಾರು 15 ಸಲ ಕಣ್ಣು ಮಿಟುಕಿಸುತ್ತೇವೆ. ಪರದೆಯ ಮುಂದೆ ಅದು ಅರ್ಧಕ್ಕೂ ಕೆಳಗೆ ಇಳಿಯಬಹುದು. ರೆಪ್ಪೆ ಮುಚ್ಚಿ ತೆರೆದಾಗಲೇ ಕಣ್ಣಿನ ಮೇಲೆ ನೀರು ಹರಡುವುದು. ಮಿಟುಕಿಸದಿದ್ದರೆ ಕಣ್ಣು ಒಣಗುತ್ತದೆ, ಉರಿಯುತ್ತದೆ. ಉರಿ ಅಂತ ಹೇಳಲು ಮಗುವಿಗೆ ಗೊತ್ತಾಗುವುದಿಲ್ಲ. ಸುಮ್ನೆ ಉಜ್ಜಿಕೊಳ್ಳುತ್ತದೆ.

ಅವಳ ಮುಖಕ್ಕೂ ಮೊಬೈಲಿಗೂ ಎಷ್ಟು ದೂರವಿದೆ ಅಂತಲೂ ನೋಡಿ. ಮಕ್ಕಳ ಕೈ ಗಿಡ್ಡ, ಮೂಗಿನ ಹತ್ತಿರವೇ ಹಿಡಿದಿರುತ್ತಾರೆ. ಬೆಳೆಯುವ ವಯಸ್ಸಿನ ಕಣ್ಣು ದಿನವೂ ಹೀಗೆ ಹತ್ತಿರದ್ದನ್ನೇ ನೋಡುತ್ತಿದ್ದರೆ, ಗುಡ್ಡೆ ಹಿಂದಕ್ಕೆ ಉದ್ದವಾಗುವ ಸಾಧ್ಯತೆ ಹೆಚ್ಚು. ಆಗ ದೂರದ್ದು ಮಸುಕಾಗುತ್ತದೆ. ಇದೇ ಸಮೀಪದೃಷ್ಟಿ. ಒಮ್ಮೆ ಉದ್ದವಾದ ಗುಡ್ಡೆ ಮತ್ತೆ ಗಿಡ್ಡವಾಗುವುದಿಲ್ಲ. ನನಗೆ ನಿಜವಾಗಿ ಭಯ ಇರುವುದು ಇದರ ಬಗ್ಗೆ.

ಇದು ಬರದಂತೆ ತಡೆಯಲು ನೆರವಾಗುವುದು ಹೊರಗಿನ ಬೆಳಕು. ಬಯಲಿನಲ್ಲಿ, ನೆರಳಲ್ಲಿ ನಿಂತರೂ, ಮನೆಯೊಳಗಿಗಿಂತ ಎಷ್ಟೋ ಪಟ್ಟು ಬೆಳಕಿರುತ್ತದೆ. ಆ ಬೆಳಕಿಗೆ ಕಣ್ಣಿನೊಳಗೆ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗಿ, ಗುಡ್ಡೆ ಉದ್ದವಾಗುವುದಕ್ಕೆ ತಡೆ ಬೀಳುತ್ತದೆ ಎನ್ನುತ್ತಾರೆ ತಜ್ಞರು. ತೈವಾನಿನಲ್ಲಿ 2010ರಿಂದ ಶಾಲಾ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಕಳಿಸಲು ಶುರುಮಾಡಿದರು. ವರ್ಷವರ್ಷವೂ ಏರುತ್ತಿದ್ದ ಸಮೀಪದೃಷ್ಟಿ ಕೆಲವೇ ವರ್ಷಗಳಲ್ಲಿ ಇಳಿಯತೊಡಗಿತು. ಮೊಬೈಲ್ ಕಣ್ಣಿಗೆ ಏನು ಮಾಡುತ್ತದೆ ಅಂತ ನಾವು ಕೇಳುತ್ತೇವೆ. ಅದು ಮಗುವನ್ನು ಎಷ್ಟು ಹೊತ್ತು ಒಳಗೇ ಕೂರಿಸುತ್ತದೆ ಅನ್ನುವುದೂ ಅಷ್ಟೇ ದೊಡ್ಡ ವಿಷಯ, ಅಲ್ವಾ?

ಮಲಗುವಾಗಿನ ಮೊಬೈಲನ್ನು ಮೊದಲು ಬಿಡಿಸಿ. ಮಕ್ಕಳ ಕಣ್ಣಿನ ಪಾಪೆ ದೊಡ್ಡದು, ಕಣ್ಣೊಳಗಿನ ಮಸೂರವೂ ತಿಳಿಯಾಗಿರುತ್ತದೆ. ಬೆಳಕು ನಮಗಿಂತ ಜಾಸ್ತಿ ಒಳಗೆ ಹೋಗಿ, ನಿದ್ದೆ ತರುವ ಮೆಲಟೋನಿನ್ ತಗ್ಗುತ್ತದೆ. ಈ ವಯಸ್ಸಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಪರದೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಊಟದ್ದು ಆಮೇಲೆ. ಎರಡನ್ನೂ ಒಂದೇ ದಿನ ಕಿತ್ತುಕೊಳ್ಳಬೇಡಿ. ಅಳುತ್ತಾಳೆ, ಹಟ ಮಾಡುತ್ತಾಳೆ. ಆಗ ನೀವು ಪಕ್ಕದಲ್ಲೇ ಮಲಗಿ ಕತೆ ಹೇಳಿ.

ಒಮ್ಮೆ ಕಣ್ಣಿನ ಡಾಕ್ಟರಿಗೂ ತೋರಿಸಿ. ಅಕ್ಷರ ಬರದಿದ್ದರೂ ಚಿಂತೆಯಿಲ್ಲ, ಚಿತ್ರ ತೋರಿಸಿಯೇ ಪರೀಕ್ಷೆ ಮಾಡುತ್ತಾರೆ. ಅವರು ನಂಬರಿನ ಕನ್ನಡಕ ಬರೆದುಕೊಟ್ಟರೆ ಮಾತ್ರ ತಪ್ಪದೆ ಹಾಕಿಸಿ.

– ಸಂಪಾದಕ